ಮೊಬೈಲನ್ನು ಕಿವುಡು ಮಾಡುವ ಪೆಟ್ಟಿಗೆ

ನಮ್ಮ ವಾಚನಾಲಯದಲ್ಲಿ ಗದ್ದಲ ಹೆಚ್ಚಾಯಿತೆಂಬ ದೂರು ಹೊಸದಲ್ಲ. ಹಿಂದೆ ಹರಟೆಯವರ ಮೇಲೆ ದೂರಿತ್ತು, ಈಗ ಮೊಬೈಲಿನ ಮೇಲೆ ಇದೆ. ಪತ್ರಿಕೆ ಬಿಡಿಸಿ ಕುಳಿತವರ ಮಗ್ಗುಲಲ್ಲಿಯೇ ಒಬ್ಬರು ಊರಿನ ಅಡಿಕೆಯ ಧಾರಣೆಯನ್ನು ಕೂಗಿ ವಿಚಾರಿಸುತ್ತಾರೆ. ಇನ್ನೊಬ್ಬರ ಜೇಬಿನಿಂದ ಸಿನಿಮಾ ಹಾಡು ಹೊರಡುತ್ತದೆ. ಗೋಡೆಯ ಮೇಲೆ ‘ಮೌನವಾಗಿರಿ’ ಎಂಬ ಹಲಗೆ ಇದ್ದೇ ಇದೆ. ಅದನ್ನು ಓದುವವರು ಮೊದಲೇ ಮೌನವಾಗಿರುವವರು.

ಇದಕ್ಕೆ ಪರಿಹಾರವೆಂದು ಉತ್ಸಾಹಿ ಸದಸ್ಯರೊಬ್ಬರು ಕೆಲವು ತಿಂಗಳ ಹಿಂದೆ ಒಂದು ಕರಿಯ ಪೆಟ್ಟಿಗೆಯನ್ನು ತಂದರು. ಊಟದ ಡಬ್ಬಿಯಷ್ಟು ದೊಡ್ಡದು. ತಲೆಯ ಮೇಲೆ ಆರು ಕೊಂಬು. ಇದಕ್ಕೆ ‘ಜ್ಯಾಮರ್’ ಎಂದು ಹೆಸರು, ಇದನ್ನು ಹಾಕಿದರೆ ಕೋಣೆಯೊಳಗೆ ಯಾವ ಮೊಬೈಲೂ ಉಲಿಯದು ಎಂದರು. ಹಣವನ್ನೂ ತಮ್ಮ ಕೈಯಿಂದಲೇ ಹಾಕಿದ್ದರು. ನಾವು, ಸಮಿತಿಯವರು, ಹೆಚ್ಚು ಯೋಚಿಸದೆ ಒಪ್ಪಿದೆವು. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸ್ವಿಚ್ಚು ಹಾಕಿದೆವು. ಹೇಳಿದಂತೆಯೇ ಆಯಿತು. ಎರಡು ಗಂಟೆಯ ಹೊತ್ತು ಕೋಣೆಯಲ್ಲಿ ಪತ್ರಿಕೆಯ ಹಾಳೆ ಮಗುಚುವ ಸದ್ದು, ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಹಿರಿಯ ಸದಸ್ಯರೊಬ್ಬರು ನಮ್ಮ ಕೈ ಕುಲುಕಿ ಹೋದರು.

ಅಷ್ಟರಲ್ಲಿ ಕೆಳಗಿನ ಚಹಾದಂಗಡಿಯವರು ಮೆಟ್ಟಿಲು ಹತ್ತಿ ಬಂದು, “ಏನ್ರೀ ಸಾಹೇಬ್ರ, ನಿಮ್ಮ ಕಡೆ ಫೋನ್ ನಡೀತಾವೇನು? ಗಿರಾಕಿ ರೊಕ್ಕ ಹಾಕ್ತಾರ, ನನಗ ಮುಟ್ಟಂಗೇ ಇಲ್ಲ” ಎಂದರು. ನಮಗೆ ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಸಂಜೆ. ನಮ್ಮಲ್ಲಿ ಪ್ರತಿ ಭಾನುವಾರ ಓದಲು ಬರುವ, ಒಂದು ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಆ ದಿನ ಹನ್ನೊಂದರಿಂದ ಮೂರರವರೆಗೆ ನಮ್ಮ ಕೋಣೆಯಲ್ಲಿಯೇ ಇದ್ದ. ಹನ್ನೊಂದೂವರೆಗೆ ಊರಿನಲ್ಲಿ ಅವನ ತಾಯಿ ಅಂಗಳದಲ್ಲಿ ಕುಸಿದು ಬಿದ್ದರು. ಆಸ್ಪತ್ರೆಗೆ ಸೇರಿಸಿ, ಶಸ್ತ್ರಕ್ರಿಯೆಗೆ ಒಪ್ಪಿಗೆ ಬೇಕೆಂದು ತಂಗಿ ಮತ್ತೆ ಮತ್ತೆ ಫೋನು ಮಾಡಿದಳು. ಪ್ರತಿ ಸಲವೂ ಅವಳಿಗೆ ಕೇಳಿಸಿದ್ದು, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಯಂತ್ರದ ಮಾತು. ಹುಡುಗ ಇಳಿದು ರಸ್ತೆ ದಾಟಿದ ಮೇಲೆ ಸಂದೇಶಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಒಪ್ಪಿಗೆಗೆ ನೆರೆಮನೆಯ ಮಾವ ರುಜು ಹಾಕಿಯಾಗಿತ್ತು. ಅಂದಿನ ಮತ್ಸ್ಯಗಂಧ ರೈಲು ಹಿಡಿಯಲು ಆಗಲಿಲ್ಲ. ತಾಯಿ ಈಗ ಗುಣವಾಗಿದ್ದಾರೆ. ಊರಿಂದ ಹಿಂತಿರುಗಿ ಬಂದವನು ನಮ್ಮನ್ನು ಬೈಯಲಿಲ್ಲ. “ನನ್ನ ಫೋನೇ ಕೆಟ್ಟಿತ್ತೇನೋ ಮಾರಾಯ್ರೆ” ಎಂದ. ಕೆಟ್ಟಿದ್ದು ಫೋನಲ್ಲವೆಂದು ನಾವು ಅವನಿಗೆ ಹೇಳಿ ಕ್ಷಮೆ ಕೇಳಬೇಕಾಯಿತು.

ಆ ಪೆಟ್ಟಿಗೆ ಏನು ಮಾಡುತ್ತದೆಂಬುದನ್ನು ತಿಳಿಯದೆಯೇ ಅದನ್ನು ಹಾಕಿದ್ದು ನಮ್ಮ ತಪ್ಪು. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪೆಟ್ಟಿಗೆ ಸುಲಭ ಬೆಲೆಗೆ ಸಿಗುತ್ತದೆಂದು ಕೇಳಿ, ಬಿಡಾರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರು, ಮಕ್ಕಳ ಓದಿನ ಚಿಂತೆಯವರು ನಮ್ಮ ವಾಚಕರಲ್ಲಿ ಇನ್ನೂ ಕೆಲವರು ಆಸೆಪಟ್ಟಿದ್ದಾರೆಂದು ಬಲ್ಲೆವು.

ಮೊಬೈಲು ಎಂಬುದು ರೇಡಿಯೋವೇ. ಹಳೆಯ ರೇಡಿಯೋ ಬರಿಯ ಕೇಳುತ್ತಿತ್ತು. ಇದು ಕೇಳುತ್ತದೆ, ಮಾತನ್ನೂ ಆಡುತ್ತದೆ. ಊರನ್ನೆಲ್ಲ ಚಿಕ್ಕ ಚಿಕ್ಕ ವಲಯಗಳಾಗಿ ವಿಂಗಡಿಸಿ, ವಲಯಕ್ಕೊಂದು ಟವರಿನ ಏರ್ಪಾಡು ಮಾಡಿರುತ್ತಾರೆ. ಟವರಿನ ಕೊಂಬಿನಿಂದ ಹೊರಡುವ ಶಕ್ತಿ ಹತ್ತಾರು ವಾಟು, ಅಂದರೆ ಮನೆಯ ನಾಲ್ಕಾರು ದೀಪಗಳು ಬಳಸುವಷ್ಟು. ಅದು ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತ ಹೋಗಬೇಕು. ದೂರ ಎರಡರಷ್ಟಾದರೆ ಬಲ ನಾಲ್ಕನೆಯ ಒಂದು ಪಾಲಾಗುತ್ತದೆ. ಹತ್ತರಷ್ಟಾದರೆ ನೂರನೆಯ ಒಂದು ಪಾಲು. ಇದು ಬಯಲಿನ ಲೆಕ್ಕ. ಸಾಲು ಕಟ್ಟಡ, ಸಿಮೆಂಟು ಗೋಡೆ, ಕಬ್ಬಿಣದ ಕಿಟಕಿ ಇವೆಲ್ಲ ಸೇರಿ ಇನ್ನೂ ನುಂಗುತ್ತವೆ. ಕೊನೆಗೆ ನಿಮ್ಮ ಜೇಬಿನ ಮೊಬೈಲಿಗೆ ತಲಪುವುದು ಎಷ್ಟೋ ವೇಳೆ ಒಂದು ವಾಟಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಮಾತ್ರ. ಅಷ್ಟರಿಂದಲೇ ಅದು ನಿಮ್ಮ ತಂಗಿಯ ದನಿಯನ್ನು ಹೆಕ್ಕಿ ಕೊಡುತ್ತದೆ. ಮನುಷ್ಯ ಮಾಡಿದ ಈ ಕಿವಿ ಅಷ್ಟು ಸೂಕ್ಷ್ಮವಾದದ್ದು.

ಜ್ಯಾಮರು ಕೆಡಿಸುವುದು ಈ ಕಿವಿಯನ್ನು. ಅದು ಗಾಳಿಯಲ್ಲಿ ಬರುವ ಮಾತನ್ನು ತಡೆದು ನಿಲ್ಲಿಸುವುದೂ ಇಲ್ಲ, ನುಂಗುವುದೂ ಇಲ್ಲ. ಟವರಿನ ಅಲೆ ಎಂದಿನಂತೆ ಕೋಣೆಯೊಳಗೆ ಬರುತ್ತಲೇ ಇರುತ್ತದೆ. ಜ್ಯಾಮರು ಮಾಡುವುದು ಅದೇ ಅಲೆಯುದ್ದದಲ್ಲಿ ಅರ್ಥವಿಲ್ಲದ ಸದ್ದು ಹೊರಡಿಸುವ ಕೆಲಸ ಮಾತ್ರ. ಕರಾವಳಿಯ ನಮ್ಮ ವಾಚಕರಿಗೆ ಹೀಗೆ ಹೇಳಬಹುದು: ಗದ್ದೆಯ ಆಚೆ ಕಡೆ ಮೈಕಿಲ್ಲದೆ ಭಾಗವತರು ಹಾಡುತ್ತಿದ್ದಾರೆ, ಗಾಳಿ ಅನುಕೂಲವಾಗಿದ್ದರೆ ಪದ ತಿಳಿಯುತ್ತದೆ. ಆ ಹೊತ್ತಿಗೆ ನಿಮ್ಮ ಕಿವಿಯ ಪಕ್ಕದಲ್ಲಿಯೇ ನಿಂತು ಒಬ್ಬನು ತಾಳವಿಲ್ಲದೆ ಚೆಂಡೆ ಬಾರಿಸುತ್ತಾನೆ. ಭಾಗವತರು ಹಾಡು ನಿಲ್ಲಿಸಿಲ್ಲ. ನಿಮಗೆ ಕೇಳುವುದಿಲ್ಲ, ಅಷ್ಟೆ.

ಚೆಂಡೆಯವನಿಗೆ ಹೆಚ್ಚು ಬಲ ಬೇಕಾಗಿಲ್ಲ, ಏಕೆಂದರೆ ಅವನು ಹತ್ತಿರದಲ್ಲಿದ್ದಾನೆ. ಒಂದೇ ವಾಟಿನ ಜ್ಯಾಮರಾದರೂ ಹತ್ತು ಮೀಟರಿನಾಚೆ ಇರುವ ಮೊಬೈಲಿಗೆ ದೂರದ ಟವರಿಗಿಂತ ಲಕ್ಷಾಂತರ ಪಾಲು ಬಲವಾಗಿ ಕೇಳಿಸಬಲ್ಲದು. ಟವರಿಗೆ ತೀರ ಸಮೀಪದಲ್ಲಿ ಇದ್ದರೆ ಮಾತ್ರ ಅದರ ಆಟ ಅಷ್ಟು ನಡೆಯುವುದಿಲ್ಲ. ಅಲ್ಲಿ ಭಾಗವತರೂ ಹತ್ತಿರವೇ ಇರುತ್ತಾರಲ್ಲ.

ಹಾಗಾದರೆ ಆರು ಕೊಂಬು ಏಕೆ? ನಮ್ಮ ದೇಶದಲ್ಲಿ ಮೊಬೈಲು ಕಂಪನಿಗಳಿಗೆ ಅಲೆಗಳ ಹಲವು ಪಟ್ಟಿಗಳನ್ನು ಹಂಚಿದ್ದಾರೆ: 800, 900, 1800, 2100, 2300 ಮೆಗಾಹರ್ಟ್ಸ್ ಹೀಗೆ; 2022ರ ಅಕ್ಟೋಬರಿನಲ್ಲಿ ಐದನೆಯ ತಲೆಮಾರಿನ ಸೇವೆ ಬಂದಾಗ 700 ಮತ್ತು 3300ರ ಪಟ್ಟಿಗಳೂ ಸೇರಿದವು. ಒಂದೊಂದು ಕೊಂಬು ಒಂದೊಂದು ಪಟ್ಟಿಯಲ್ಲಿ ಸದ್ದು ಮಾಡುತ್ತದೆ. ಒಂದು ಪಟ್ಟಿಯೊಳಗೆ ಎಷ್ಟೋ ದಾರಿಗಳಿರುವುದರಿಂದ ಜ್ಯಾಮರು ಒಂದೆಡೆ ನಿಲ್ಲದೆ ಪಟ್ಟಿಯ ಈ ತುದಿಯಿಂದ ಆ ತುದಿಗೆ ಸೆಕೆಂಡಿಗೆ ಸಾವಿರಾರು ಸಲ ಓಡಾಡುತ್ತದೆ. ಚಾಳಿನ ಉದ್ದನೆಯ ಗ್ಯಾಲರಿಯಲ್ಲಿ ಒಬ್ಬ ಪೋರ ಕೋಲು ಹಿಡಿದು, ಇಪ್ಪತ್ತು ಖೋಲಿಗಳ ಬಾಗಿಲನ್ನೂ ಬಡಿಯುತ್ತ ರಾತ್ರಿಯೆಲ್ಲ ಅತ್ತಿಂದಿತ್ತ ಓಡಿದರೆ ಹೇಗೆ? ಒಂದು ಬಾಗಿಲಿನಲ್ಲಿ ಅವನು ನಿಲ್ಲುವುದು ಒಂದು ಕ್ಷಣ. ಆದರೂ ಯಾವ ಖೋಲಿಯಲ್ಲಿಯೂ ನಿದ್ರೆಯಿಲ್ಲ.

ಇನ್ನೊಂದು ಸಂಗತಿಯನ್ನು ರೈಲಿನವರು ಬೇಗ ಹಿಡಿಯುವರು. ಟವರಿನಿಂದ ಮೊಬೈಲಿಗೆ ಬರುವ ದಾರಿ ಬೇರೆ, ಮೊಬೈಲಿನಿಂದ ಟವರಿಗೆ ಹೋಗುವ ದಾರಿ ಬೇರೆ. ಅಪ್ ಲೈನು, ಡೌನ್ ಲೈನು ಇದ್ದ ಹಾಗೆ. ಹಳೆಯ 900ರ ಪಟ್ಟಿಯಲ್ಲಿ ಮೊಬೈಲು ಮಾತಾಡುವುದು 890ರಿಂದ 915ರವರೆಗೆ, ಟವರು ಮಾತಾಡುವುದು 935ರಿಂದ 960ರವರೆಗೆ. (2300 ಮತ್ತು 3300ರ ಪಟ್ಟಿಗಳಲ್ಲಿ ಕೊಂಕಣ ರೈಲಿನ ಒಂಟಿ ಹಳಿಯಂತೆ ಎರಡೂ ಕಡೆಯವು ಸರದಿಯ ಮೇಲೆ ಓಡುತ್ತವೆ.) ಜ್ಯಾಮರು ಸಾಮಾನ್ಯವಾಗಿ ಹಿಡಿಯುವುದು ಟವರಿನಿಂದ ಬರುವ ದಾರಿಯನ್ನು. ಮೊಬೈಲು ಕೈಗೆಟುಕುವಷ್ಟು ಹತ್ತಿರವಿರುತ್ತದೆ, ಟವರು ದೂರವಿರುತ್ತದೆ. ಹತ್ತಿರದ ಕಿವಿಯನ್ನು ಕೆಡಿಸುವುದೇ ಸುಲಭ. ಆದರೆ ಅಗ್ಗದ ಪೆಟ್ಟಿಗೆಗಳಿಗೆ ಇಷ್ಟು ವಿವೇಚನೆ ಇರುವುದಿಲ್ಲ. ಅವು ಹೋಗುವ ದಾರಿಯ ಮೇಲೂ ಸದ್ದು ಚೆಲ್ಲುತ್ತವೆ. ಆಗ ಟವರೇ ಕಿವುಡಾಗಿ ಅದರ ಆಶ್ರಯದಲ್ಲಿರುವ ಎಲ್ಲರಿಗೂ ತೊಂದರೆ.

ಕಿವಿ ಕೆಟ್ಟ ಮೊಬೈಲು ಏನು ಮಾಡುತ್ತದೆ? ಟವರುಗಳು ಯಾವಾಗಲೂ ‘ನಾನು ಇಲ್ಲಿದ್ದೇನೆ’ ಎಂದು ಹೇಳುವಂಥ ಸಂಕೇತವೊಂದನ್ನು ಬಿಡುತ್ತಿರುತ್ತವೆ. ಅದು ಸಿಗದಿದ್ದರೆ ಮೊಬೈಲು ಮೇಲಿನ ಗೀಟುಗಳನ್ನು ಅಳಿಸಿ, ಟವರನ್ನು ಹುಡುಕುತ್ತ ಪಟ್ಟಿಯಿಂದ ಪಟ್ಟಿಗೆ ಅಲೆಯುತ್ತದೆ. ಈ ಅಲೆದಾಟದಲ್ಲಿ ಬ್ಯಾಟರಿ ಬೇಗ ಮುಗಿಯುತ್ತದೆ. ಮಾತಿನ ನಡುವೆ ಸಿಕ್ಕಿಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಕರೆ ಕಡಿದು ಹೋಗುತ್ತದೆ. ಹಳೆಯ ರೇಡಿಯೋದಲ್ಲಾದರೆ ಗೊರಗೊರ ಸದ್ದಿನ ನಡುವೆಯೂ ನಾಲ್ಕು ಮಾತು ಕಿವಿಗೆ ಬೀಳುತ್ತಿತ್ತು. ಸೋವಿಯತ್ ಒಕ್ಕೂಟವು 1948ರಿಂದ ಬಿಬಿಸಿ, ವಾಯ್ಸ್ ಆಫ್ ಅಮೆರಿಕ ಮುಂತಾದ ಪರದೇಶಿ ಬಾನುಲಿಗಳ ಮೇಲೆ ಹೀಗೆಯೇ ಸದ್ದು ಸುರಿದು ತನ್ನ ಜನ ಕೇಳದಂತೆ ಮಾಡುತ್ತಿತ್ತು. ನಡುನಡುವೆ ಬಿಡುವು ಕೊಟ್ಟು, 1988ರ ಕೊನೆಗೆ ಅದು ಪೂರ್ತಿ ನಿಂತಿತು. ಆ ಕಾಲದಲ್ಲಿ ಜನರು ರೇಡಿಯೋಕ್ಕೆ ಕಿವಿ ಹಚ್ಚಿ ಕುಳಿತು ಸದ್ದಿನ ಒಳಗಿಂದ ಮಾತನ್ನು ಹೆಕ್ಕುತ್ತಿದ್ದರು. ಮೊಬೈಲಿನಲ್ಲಿ ಅದು ಸಾಧ್ಯವಿಲ್ಲ. ಇಲ್ಲಿ ಮಾತು ಅಂಕೆಗಳಾಗಿ ಬರುತ್ತದೆ. ಸ್ವಲ್ಪ ಕೆಟ್ಟರೆ ಯಂತ್ರವೇ ತಿದ್ದಿಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ಏನೂ ಉಳಿಯುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಯಾರಿಗೂ ಸುದ್ದಿ ತಿಳಿಯದು ಎಂಬುದು. ಇತ್ತ ಕುಳಿತವನಿಗೆ ಕರೆ ಬಂದದ್ದೇ ಗೊತ್ತಾಗುವುದಿಲ್ಲ. ಅತ್ತ ಕರೆದವರಿಗೆ, ಅವನು ಎಲ್ಲೋ ಸುರಂಗದಲ್ಲಿದ್ದಾನೆ, ಇಲ್ಲವೇ ಬೇಕೆಂದೇ ಫೋನು ಮುಚ್ಚಿಟ್ಟಿದ್ದಾನೆ ಎಂದು ತೋರುತ್ತದೆ. ಮನೆಯಿಂದ ಸಾವಿರ ಕಿಲೋಮೀಟರು ದೂರ ಬಂದು ದುಡಿಯುವ ನಮ್ಮಂಥವರ ಮನೆಗಳಲ್ಲಿ ಈ ತಪ್ಪು ತಿಳಿವಳಿಕೆಯಿಂದ ಎಷ್ಟು ಮನಸ್ತಾಪಗಳಾಗಬಹುದೆಂಬುದನ್ನು ಬರೆದು ತಿಳಿಸಬೇಕಾಗಿಲ್ಲ.

ಸಾಧಾರಣವಾಗಿ ನಮ್ಮ ಕಂಪನಿಯ ಟವರು ಸಿಗದಿದ್ದರೂ, ಆಪತ್ತಿನ 112 ಸಂಖ್ಯೆಯ ಕರೆಯನ್ನು ಬೇರೆ ಕಂಪನಿಯ ಟವರಿನ ಮೂಲಕ ಕಳಿಸಲು ಮೊಬೈಲಿಗೆ ಅವಕಾಶವಿದೆ. ಜ್ಯಾಮರಿನ ಎದುರು ಈ ದಾರಿಯೂ ಇಲ್ಲ. ಎಲ್ಲ ಕಂಪನಿಗಳ ಪಟ್ಟಿಯನ್ನೂ ಅದು ಒಟ್ಟಿಗೆ ಕೆಡಿಸಿರುತ್ತದೆ. ಹರಟೆಯ ಕರೆ ಯಾವುದು, ಹೃದಯಾಘಾತದ ಕರೆ ಯಾವುದು ಎಂದು ಆರಿಸುವ ಬುದ್ಧಿ ಸದ್ದಿಗಿಲ್ಲ.

ಗೋಡೆಯನ್ನೂ ಅದು ಅರಿಯದು. ಪೆಟ್ಟಿಗೆಯ ಮೇಲೆ ‘ಇಪ್ಪತ್ತು ಮೀಟರು’ ಎಂದು ಅಚ್ಚು ಹಾಕಿದ್ದರು. ಇಪ್ಪತ್ತನೆಯ ಮೀಟರಿನಲ್ಲಿ ಅಲೆ ಗಕ್ಕನೆ ನಿಲ್ಲುತ್ತದೆಂದು ನಾವು ತಿಳಿದಿದ್ದೆವು. ಹತ್ತು ಮೀಟರಿನಲ್ಲಿದ್ದ ಬಲ ನೂರು ಮೀಟರಿನಲ್ಲಿ ನೂರನೆಯ ಒಂದು ಪಾಲಾಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ. ತೆರೆದ ಕಿಟಕಿಯ ಕಡೆ ಇನ್ನೂ ದೂರ ಹೋಗುತ್ತದೆ. ಚಹಾದಂಗಡಿಯವರಿಗೆ ರೊಕ್ಕ ಮುಟ್ಟದೆ ಹೋದದ್ದು ಹೀಗೆ. ಆ ಎರಡು ಗಂಟೆಯಲ್ಲಿ ಬೀದಿಯಲ್ಲಿ ಇನ್ನಾರಿಗೆ ಓಟಿಪಿ ಬರಲಿಲ್ಲವೋ, ಯಾವ ರಿಕ್ಷಾದವರಿಗೆ ಬಾಡಿಗೆ ತಪ್ಪಿತೋ ನಾವರಿಯೆವು.

ಹೀಗೆ ಒಳ್ಳೆಯ ಉದ್ದೇಶದಿಂದ ಕೆಟ್ಟವರು ನಾವೊಬ್ಬರೇ ಅಲ್ಲವೆಂದು ಓದಿ ಕೊಂಚ ಸಮಾಧಾನವಾಯಿತು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಒಬ್ಬ ಮಹಾಶಯರಿದ್ದರು. ದಿನವೂ ಹೆದ್ದಾರಿಯಲ್ಲಿ ಟ್ಯಾಂಪಾ ನಗರಕ್ಕೆ ಕಾರಿನಲ್ಲಿ ಹೋಗಿಬರುವ ಉದ್ಯೋಗ. ಜನರು ಕಾರು ಓಡಿಸುತ್ತ ಫೋನಿನಲ್ಲಿ ಮಾತಾಡುವುದನ್ನು ಕಂಡು ಅವರಿಗೆ ರೇಗುತ್ತಿತ್ತು. ರೇಗುವುದು ನ್ಯಾಯವೇ, ನಮಗೂ ರೇಗುತ್ತದೆ. ಅವರು ಒಂದು ಜ್ಯಾಮರು ಕೊಂಡು ಕಾರಿನ ಆಸನದ ಹಿಂದೆ ಹೊದಿಕೆಯೊಳಗೆ ಇಟ್ಟು, ಸುಮಾರು ಎರಡು ವರ್ಷ ಓಡಾಡಿದರು. ಅವರ ಕಾರು ಹೋದಲ್ಲೆಲ್ಲ ಒಂದು ಮೌನದ ವೃತ್ತ ಜೊತೆಯಲ್ಲಿ ಹೋಗುತ್ತಿತ್ತು. ಬೆಳಿಗ್ಗೆ ಸಂಜೆ ಒಂದೇ ಹೊತ್ತಿಗೆ ಹೆದ್ದಾರಿಯ ಟವರುಗಳಿಗೆ ಅಡಚಣೆಯಾಗುತ್ತಿರುವುದನ್ನು ಕಂಡು ಮೊಬೈಲು ಕಂಪನಿಯೊಂದು 2013ರಲ್ಲಿ ಸರ್ಕಾರಕ್ಕೆ ದೂರು ಕೊಟ್ಟಿತು. ಅಧಿಕಾರಿಗಳು ದಿಕ್ಕು ಗುರುತಿಸುವ ಉಪಕರಣ ಹಿಡಿದು ರಸ್ತೆಯ ಬದಿಯಲ್ಲಿ ಕಾದು ಕಾರನ್ನು ಪತ್ತೆ ಮಾಡಿದರು. ಕಾರನ್ನು ನಿಲ್ಲಿಸಲು ಪೊಲೀಸರು ಹತ್ತಿರ ಹೋದಾಗ ಅವರ ಸ್ವಂತ ರೇಡಿಯೋವೇ ಠಾಣೆಯ ಸಂಪರ್ಕ ಕಳೆದುಕೊಂಡಿತಂತೆ! ಆ ಹೆದ್ದಾರಿಯಲ್ಲಿ ಅಪಘಾತವಾಗಿ ಯಾರಾದರೂ ಸಹಾಯಕ್ಕೆ ಫೋನು ಮಾಡಿದ್ದರೆ? 2014ರಲ್ಲಿ 48,000 ಡಾಲರ್ ದಂಡ ಹೂಡಿ, 2016ರಲ್ಲಿ ಅದನ್ನು ಕಾಯಂ ಮಾಡಿದರು.

ಫ್ರಾನ್ಸಿನ ಕಥೆ ಇನ್ನೂ ಸಂಸಾರದ್ದು. ಆ ದೇಶದ ನೈರುತ್ಯದ ಕಡಲ ತಡಿಯಲ್ಲಿ ಮೆಸಾಂಜ್ ಎಂಬ ಊರಿದೆ. ಅಲ್ಲಿ ದಿನವೂ ಮಧ್ಯರಾತ್ರಿಯಿಂದ ಮೂರು ಗಂಟೆಯವರೆಗೆ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಕಂಪನಿಯ ದೂರಿನ ಮೇಲೆ ಅಲೆಗಳ ಮೇಲ್ವಿಚಾರಣೆಯ ಸರ್ಕಾರಿ ಸಂಸ್ಥೆಯ ಕುಶಲಕರ್ಮಿಯೊಬ್ಬರು ನಡುರಾತ್ರಿ ಉಪಕರಣ ಹಿಡಿದು ಬೀದಿ ಬೀದಿ ಅಲೆದರು. ಸದ್ದು ಅವರನ್ನು ಒಂದು ಮನೆಯ ಬಾಗಿಲಿಗೆ ತಂದು ನಿಲ್ಲಿಸಿತು. ಮನೆಯ ಯಜಮಾನರು ತಪ್ಪೊಪ್ಪಿಕೊಂಡರು: ಹರೆಯದ ಮಕ್ಕಳು ರಾತ್ರಿಯೆಲ್ಲ ಮೊಬೈಲು ಹಿಡಿದು ಕೂರುತ್ತಾರೆ, ಮಲಗಲೆಂದು ಜ್ಯಾಮರು ತಂದೆ ಎಂದರು. ಮಕ್ಕಳ ಕೋಣೆಗೆಂದು ತಂದದ್ದು ಊರನ್ನೇ ಮುಚ್ಚಿತ್ತು. ಈ ಸಂಗತಿ 2022ರ ಫೆಬ್ರವರಿಯಲ್ಲಿ ಬಯಲಿಗೆ ಬಂತು. ಅಲ್ಲಿಯ ಕಾನೂನಿನಂತೆ ಇದಕ್ಕೆ ಆರು ತಿಂಗಳ ಸೆರೆಮನೆ ಮತ್ತು 30,000 ಯೂರೋವರೆಗೆ ದಂಡ ಇದೆ. ಮಕ್ಕಳ ಕೈಯಿಂದ ಫೋನು ತೆಗೆದು ಕಪಾಟಿನಲ್ಲಿ ಇಡುವುದು ಎಲ್ಲ ದೇಶದ ತಂದೆಯಂದಿರಿಗೂ ಕಷ್ಟದ ಕೆಲಸವೇ ಎಂದು ಕಾಣುತ್ತದೆ.

ಹಾಗಾದರೆ ಜ್ಯಾಮರು ಎಲ್ಲಿಯೂ ಬೇಡವೇ? ಹಾಗೆನ್ನಲಾಗದು. ದೂರದಿಂದ ಮೊಬೈಲು ಒತ್ತಿ ಬಾಂಬು ಸಿಡಿಸುವ ಕಾಲವಿದು. ದೊಡ್ಡವರ ವಾಹನಗಳ ಸಾಲಿನಲ್ಲಿ ಜ್ಯಾಮರಿನ ವಾಹನವೂ ಹೋಗುವುದು ಇದಕ್ಕಾಗಿ. ಕಾರಾಗೃಹಗಳಲ್ಲಿ ಕದ್ದು ಸಾಗಿಸಿದ ಮೊಬೈಲಿನಿಂದ ಒಳಗೆ ಕುಳಿತೇ ಹೊರಗಿನವರನ್ನು ಬೆದರಿಸುವವರಿದ್ದಾರೆ. ಪರೀಕ್ಷೆಗಳಲ್ಲಿ ಕಿವಿಯೊಳಗೆ ಗುಂಡಿ ಇಟ್ಟುಕೊಂಡು ಉತ್ತರ ಕೇಳುವವರಿದ್ದಾರೆ. ಇಂಥ ಕಡೆಗಳಲ್ಲಿ ಮಾತ್ರ, ಅದೂ ಕೇಂದ್ರ ಸಂಪುಟ ಸಚಿವಾಲಯದ ಭದ್ರತಾ ಕಾರ್ಯದರ್ಶಿಯವರ ಅನುಮತಿ ಪಡೆದ ಸರ್ಕಾರಿ ಸಂಸ್ಥೆಗಳು ಮಾತ್ರ ಇದನ್ನು ಬಳಸಬಹುದೆಂದು ನಮ್ಮ ದೇಶದ ನಿಯಮ. ಪರೀಕ್ಷೆ ನಡೆಸುವ ಶಾಸನಬದ್ಧ ಸಂಸ್ಥೆಗಳು ಕಡಿಮೆ ಬಲದ ಜ್ಯಾಮರುಗಳನ್ನು ಬಳಸಲು 2016ರಲ್ಲಿ ಅವಕಾಶ ಮಾಡಿದರು. ಸರ್ಕಾರದ ಕೆಲಸಕ್ಕೆ ಇವನ್ನು ಒದಗಿಸಲು ಗೊತ್ತುಮಾಡಿದ ಸಂಸ್ಥೆಗಳಲ್ಲಿ ಎರಡು ನಮ್ಮವರಿಗೆ ಪರಿಚಿತ: 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್, 1967ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಇ.ಸಿ.ಐ.ಎಲ್. ಖಾಸಗಿಯವರು, ಅಂಗಡಿಯಾಗಲಿ ಶಾಲೆಯಾಗಲಿ ವಾಚನಾಲಯವಾಗಲಿ, ಜ್ಯಾಮರನ್ನು ಕೊಳ್ಳಲೂ ಕೂಡದು, ಬಳಸಲೂ ಕೂಡದು. ದೂರಸಂಪರ್ಕ ಇಲಾಖೆಯು 2022ರ ಜುಲೈಯಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮಾರುವುದೂ, ಅಂತರ್ಜಾಲದಲ್ಲಿ ಜಾಹೀರಾತು ಹಾಕುವುದೂ ಅಪರಾಧ. ಸಿಗ್ನಲು ಬರುವುದಿಲ್ಲವೆಂದು ಕೆಲವರು ಮಾಳಿಗೆಯ ಮೇಲೆ ‘ಬೂಸ್ಟರ್’ ಹಾಕುತ್ತಾರಲ್ಲ, ಅನುಮತಿಯಿಲ್ಲದ ಅದೂ ಇದೇ ಪಂಕ್ತಿಗೆ ಸೇರಿದ್ದು. ನಿಮಗೆ ಸಿಗ್ನಲು ತರುವ ಆ ಯಂತ್ರ ನೆರೆಯವರ ಸಿಗ್ನಲನ್ನು ಕೆಡಿಸಬಹುದು.

ಇಷ್ಟೆಲ್ಲ ಕಟ್ಟುಪಾಡಿನಲ್ಲಿ ಬಳಸಿದರೂ ಗೋಡೆಯ ತೊಡಕು ತಪ್ಪಿಲ್ಲ. ಮಂಗಳೂರಿನ ಜಿಲ್ಲಾ ಕಾರಾಗೃಹ ಊರ ನಡುವೆ ಕೊಡಿಯಾಲಬೈಲಿನಲ್ಲಿದೆಯಷ್ಟೆ. 2025ರಲ್ಲಿ ಅಲ್ಲಿ ಜ್ಯಾಮರು ಹಾಕಿದಾಗ ಸುತ್ತಲಿನ ಅಂಗಡಿಗಳವರೂ ನಿವಾಸಿಗಳೂ ಫೋನು ನಡೆಯುವುದಿಲ್ಲವೆಂದು ದೂರಿದರು. ಬೆಂಗಳೂರಿನ ಪರಪ್ಪನ ಅಗ್ರಹಾರದ ಸುತ್ತಮುತ್ತಲಿನವರ ದೂರೂ ಇದೇ. ಸೆರೆಮನೆಯೊಳಗಿನವರ ಫೋನು ನಿಲ್ಲಬೇಕು, ಕಾಂಪೌಂಡಿನ ಆಚೆ ಬಾಡಿಗೆಗಿರುವವರ ಫೋನು ನಡೆಯಬೇಕು ಎಂಬುದು ಸದ್ದಿನಿಂದ ಸಾಧಿಸುವುದು ಬಲು ಕಷ್ಟ. ಜ್ಯಾಮರಿನ ಬಲ ಇಳಿಸಿದರೆ ಒಳಗೆ ಮೂಲೆಗಳಲ್ಲಿ ಫೋನು ನಡೆಯುತ್ತದೆ, ಏರಿಸಿದರೆ ಹೊರಗೆ ನಿಲ್ಲುತ್ತದೆ. ಮೇಲಾಗಿ ಹಳೆಯ ತಲೆಮಾರಿನ ಪಟ್ಟಿಗಳಿಗೆಂದು ಹಾಕಿದ ಜ್ಯಾಮರು, ಹೊಸ ಪಟ್ಟಿಯ ಫೋನು ಬಂದ ದಿನ ನಿರುಪಯೋಗಿಯಾಗುತ್ತದೆ. ಆದ್ದರಿಂದ ಕೆಲವು ಕಾರಾಗೃಹಗಳಲ್ಲಿ ಈಗ ಬೇರೆ ಕ್ರಮ ಹಿಡಿದಿದ್ದಾರೆ. ಸದ್ದಿನ ಬದಲು ಆವರಣದಲ್ಲಿಯೇ ಒಂದು ಟವರನ್ನು ನಿಲ್ಲಿಸುತ್ತಾರೆ. ಒಳಗಿನ ಫೋನುಗಳೆಲ್ಲ ಹತ್ತಿರದ ಈ ಟವರನ್ನೇ ಹಿಡಿಯುತ್ತವೆ. ಅದು ಅನುಮತಿಯಿರುವ ಸಂಖ್ಯೆಗಳಿಗೆ ಮಾತ್ರ ದಾರಿ ಕೊಟ್ಟು ಉಳಿದವನ್ನು ತಡೆಯುತ್ತದೆ. ಚೆಂಡೆಯವನ ಜಾಗದಲ್ಲಿ ಬಾಗಿಲು ಕಾಯುವವನನ್ನು ಇಟ್ಟ ಹಾಗೆ. ಆದರೆ ಆ ಟವರಿನ ಅಲೆಯೂ ಕಾಂಪೌಂಡಿನಲ್ಲಿಯೇ ನಿಲ್ಲುವಂತೆ ನೋಡಿಕೊಳ್ಳಬೇಕಾದ್ದು ಇದ್ದೇ ಇದೆ.

ವಾಚಕರು ಒಂದನ್ನು ಇನ್ನೊಂದೆಂದು ತಿಳಿಯಬಾರದು. ಲಿಫ್ಟಿನಲ್ಲಿ, ನೆಲಮಾಳಿಗೆಯಲ್ಲಿ ಸಿಗ್ನಲು ಹೋದರೆ ಅದು ಜ್ಯಾಮರಲ್ಲ. ಸುತ್ತಲೂ ಲೋಹ ಕವಿದಾಗ ಅಲೆ ಒಳಗೆ ಬರುವುದಿಲ್ಲ. ಮೈಕೇಲ್ ಫ್ಯಾರಡೆ ಎಂಬ ಇಂಗ್ಲೆಂಡಿನ ವಿಜ್ಞಾನಿ ಲೋಹದ ಪಂಜರದ ಈ ಗುಣವನ್ನು 1836ರಲ್ಲಿಯೇ ತೋರಿಸಿಕೊಟ್ಟರು. ಗಲಭೆಯ ದಿನಗಳಲ್ಲಿ ಊರಿಗೂರೇ ಇಂಟರ್ನೆಟ್ಟು ನಿಲ್ಲುವುದೂ ಜ್ಯಾಮರಿನಿಂದಲ್ಲ. ಸರ್ಕಾರದ ಆಜ್ಞೆಯಂತೆ ಕಂಪನಿಯವರೇ ತಮ್ಮ ಕೇಂದ್ರದಲ್ಲಿ ನಿಲ್ಲಿಸುತ್ತಾರೆ. ಬಯಲಿನಲ್ಲಿದ್ದೂ, ಒಂದೇ ಜಾಗದಲ್ಲಿ, ಎಲ್ಲ ಕಂಪನಿಗಳ ಫೋನೂ ಒಟ್ಟಿಗೆ ಸತ್ತು, ನೂರಿನ್ನೂರು ಹೆಜ್ಜೆ ನಡೆದೊಡನೆ ಜೀವ ಬಂದರೆ ಮಾತ್ರ ಸಂಶಯಪಡಬಹುದು. ಆಗ ನಿಮ್ಮ ಕಂಪನಿಗೆ ಜಾಗ ಮತ್ತು ಹೊತ್ತನ್ನು ಬರೆದು ದೂರು ಕೊಡಿ. ದೂರಸಂಪರ್ಕ ಇಲಾಖೆಯ ಕೈಕೆಳಗೆ ಅಲೆಗಳನ್ನು ಕಾಯುವ ಸಂಸ್ಥೆಯೇ ಇದೆ. ಜ್ಯಾಮರು ಅಡಗಿ ಕೂರಲಾರದು. ಸದ್ದು ಮಾಡುವುದೇ ಅದರ ಕೆಲಸವಾದ್ದರಿಂದ ಆ ಸದ್ದನ್ನೇ ಹಿಡಿದು ಹೋಗಿ ಅದನ್ನು ಹುಡುಕುತ್ತಾರೆ.

ನಮ್ಮ ಪೆಟ್ಟಿಗೆಯ ವಿಷಯ: ತಂದ ಸದಸ್ಯರು ಬಹಳ ನೊಂದುಕೊಂಡರು. ಅವರ ಒಪ್ಪಿಗೆಯಿಂದಲೇ ಬ್ಯಾಟರಿ ಕಳಚಿ, ನಡೆದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಪೊಲೀಸು ಠಾಣೆಗೆ ಒಪ್ಪಿಸಿ ಬಂದೆವು. ಅಲ್ಲಿಯವರು ನಮ್ಮನ್ನು ಬಹಳ ಹೊತ್ತು ಕೂರಿಸಿ ಪ್ರಶ್ನೆ ಕೇಳಿದರು. ಕೇಳಬೇಕಾದದ್ದೇ.

ಗದ್ದಲ ಮಾತ್ರ ಹಾಗೆಯೇ ಇದೆ. ಅದಕ್ಕೆ ಸಮಿತಿಯು ಮಾಡಿದ ಏರ್ಪಾಡು ಇಷ್ಟು. ಒಳಗೆ ಬರುವಾಗ ಫೋನನ್ನು ಮೂಕ ಮಾಡಿ, ಕಂಪನ ಮಾತ್ರ ಉಳಿಸಿ, ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಕರೆ ಬಂದರೆ ಎದ್ದು ಮೆಟ್ಟಿಲಿನ ಬಳಿ ಹೋಗಬೇಕು. ಅಲ್ಲಿ ಒಂದು ಬೆಂಚು ಹಾಕಿಸಿದ್ದೇವೆ, ದೀಪವೂ ಇದೆ. ನಿಮ್ಮ ಜಾಗದಲ್ಲಿ ಪುಸ್ತಕ ತೆರೆದಿಟ್ಟು ಹೋದರೆ ಬೇರೆ ಯಾರೂ ಕೂರುವುದಿಲ್ಲ. ವಾಚನಾಲಯದ ತಂತಿಯ ಫೋನನ್ನು ದುರಸ್ತಿ ಮಾಡಿಸಿದ್ದೇವೆ; ಅದರ ಸಂಖ್ಯೆಯನ್ನು ಬಾಗಿಲ ಬಳಿಯ ಹಲಗೆಯಲ್ಲಿ ಬರೆದಿದೆ. ಭಾನುವಾರ ನಮ್ಮಲ್ಲಿಗೆ ಬರುವವರೆಲ್ಲ ಅದನ್ನು ಬರೆದುಕೊಂಡು ಊರಿನ ಮನೆಗೆ ಕೊಟ್ಟಿರಬೇಕೆಂದು ಕೋರುತ್ತೇವೆ. ಕರೆ ಬಂದರೆ ಗ್ರಂಥಪಾಲರು ಹೆಸರು ಹಿಡಿದು ಕೂಗುತ್ತಾರೆ. ಆ ಕೂಗನ್ನು ಉಳಿದವರು ಸಹಿಸಿಕೊಳ್ಳಬೇಕು.